ಕತ್ತಿ ಹಿಡಿದು ಬೇಲಿ ದಾಟಿದರೆ ಕಾನೂನು ಏನೆನ್ನುತ್ತದೆ?

ಅಡಿಕೆ ಕೊಯ್ಲು ಮುಗಿಯುವ ಮೊದಲೇ ಕಾಫಿ ಹಣ್ಣೂ ಕೆಂಪಾಗುತ್ತದೆ. ಕಣದಲ್ಲಿ ಮಾಲು ಹರಡಿರುತ್ತದೆ, ಮನೆಯವರಿಗೆ ನಿದ್ದೆ ಕಡಿಮೆ. ಕಳವಿನ ಭಯವೂ ಸರಹದ್ದಿನ ತಕರಾರೂ ಹೆಚ್ಚುವುದು ಇದೇ ಕಾಲದಲ್ಲಿ. ತೋಟಕ್ಕೆ ನುಗ್ಗಿದವನ ಕೈಯಲ್ಲಿ ಕತ್ತಿ ಇದ್ದರೆ ಕೇಸು ತಾನಾಗಿ ಬಲವಾಗುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಇದು ಅರ್ಧ ಸತ್ಯ. ಕತ್ತಿ ಇತ್ತೇ ಎಂಬುದೊಂದನ್ನೇ ಕಾನೂನು ನೋಡುವುದಿಲ್ಲ. ಅದನ್ನು ಯಾತಕ್ಕಾಗಿ ತಂದಿದ್ದ, ಕಾಲಿಟ್ಟದ್ದು ಎಲ್ಲಿಗೆ ಎಂಬುದನ್ನೂ ನೋಡುತ್ತದೆ. ಪಕ್ಕದ ತೋಟಕ್ಕೆ ಕಾಲಿಡುವ ನಮಗೂ ಇದೇ ಅಳತೆಗೋಲು.

1860ರ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಹಿರಿಯರಿಗೆ ಪರಿಚಿತವಾದ 447, 452ನೇ ಕಲಮುಗಳ ಸಂಖ್ಯೆ ಬದಲಾಗಿದೆ, ತತ್ವ ಹಳೆಯದೇ.

ಅತಿಕ್ರಮ ಪ್ರವೇಶ ಎಂದರೇನು?

ಮತ್ತೊಬ್ಬರ ಸ್ವಾಧೀನದಲ್ಲಿರುವ ಸ್ವತ್ತಿಗೆ ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ಪ್ರವೇಶಿಸುವುದು 329ನೇ ಕಲಮಿನ ಪ್ರಕಾರ ಅಪರಾಧ. ಸರಿಯಾಗಿಯೇ ಒಳಗೆ ಬಂದು, ಅಂಥ ಉದ್ದೇಶದಿಂದ ಹೋಗದೆ ನಿಂತರೂ ಅಪರಾಧವೇ. ತಪ್ಪಿಸಿಕೊಂಡ ದನ ಹುಡುಕುತ್ತ ಬಂದವನಿಗೆ ಆ ಉದ್ದೇಶವಿಲ್ಲ. ಅವನ ಸೊಂಟದ ಕೊಕ್ಕೆಯಲ್ಲಿ ಕತ್ತಿ ಇದ್ದರೂ ಅದೊಂದರಿಂದಲೇ ಅವನು ಅಪರಾಧಿಯಾಗುವುದಿಲ್ಲ.

ಶಿಕ್ಷೆ ಹೇಗೆ ಏರುತ್ತದೆ?

ಬಯಲಿನ ತೋಟ: ಇಲ್ಲಿ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ ಸಜೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕತ್ತಿ ಇದ್ದ ಮಾತ್ರಕ್ಕೆ ಈ ಶಿಕ್ಷೆ ಏರುವುದಿಲ್ಲ. ಆದರೆ ಹೆದರಿಸಲೆಂದೇ ಬಂದನೆಂಬುದಕ್ಕೆ ಅದು ಸಾಕ್ಷ್ಯವಾಗಬಹುದು.

ಮನೆ ಮತ್ತು ಗೋದಾಮು: ವಾಸದ ಮನೆಗೆ ಮಾತ್ರವಲ್ಲ, ಮಾಲು ಕಾಪಾಡಿ ಇಡುವ ಕಟ್ಟಡಕ್ಕೆ ನುಗ್ಗಿದರೂ ಅದು ಗೃಹ ಅತಿಕ್ರಮ ಪ್ರವೇಶ. ಅಡಿಕೆ ಕೋಣೆ, ಕಾಫಿ ಗೋದಾಮು ಇದರಲ್ಲಿ ಸೇರುತ್ತವೆ. ಸಾಮಾನ್ಯವಾಗಿ 1 ವರ್ಷದವರೆಗೆ ಸಜೆ. ಆದರೆ ಯಾರಿಗಾದರೂ ಗಾಯ ಮಾಡಲು, ತಡೆಯಲು ಅಥವಾ ಹೆದರಿಸಲು ಸಿದ್ಧತೆ ಮಾಡಿಕೊಂಡು ಬಂದಿದ್ದರೆ 333ನೇ ಕಲಮು ಅನ್ವಯಿಸಿ ಸಜೆ 7 ವರ್ಷದವರೆಗೆ ಏರುತ್ತದೆ, ದಂಡವೂ ಉಂಟು. ಕತ್ತಿಗೆ ನಿಜವಾದ ತೂಕ ಬರುವುದು ಇಲ್ಲಿ.

ಕಳವು: ತಡೆದವರಿಗೆ ಗಾಯ ಮಾಡಲು ಸಿದ್ಧನಾಗಿ ಬಂದು ಕದ್ದರೆ, 307ನೇ ಕಲಮಿನಂತೆ 10 ವರ್ಷದವರೆಗೆ ಕಠಿಣ ಸಜೆ. ಕತ್ತಿ ಬೀಸಲೇಬೇಕೆಂದಿಲ್ಲ, ಅಂಥ ಉದ್ದೇಶಕ್ಕೆ ಮಡಿಲಲ್ಲಿ ಇಟ್ಟುಕೊಂಡಿದ್ದರೂ ಸಾಕು. ಕತ್ತಿ ತೋರಿಸಿ ಆ ಕ್ಷಣದಲ್ಲೇ ಗಾಯವಾದೀತೆಂಬ ಭಯ ಹುಟ್ಟಿಸಿ ಮೂಟೆ ಒಯ್ದರೆ ಅದು ಕಳವಲ್ಲ, ಸುಲಿಗೆ. ಸುಲಿಗೆಯಲ್ಲಿ ಮಾರಕ ಆಯುಧ ಬಳಸಿದವನಿಗೆ 311ನೇ ಕಲಮಿನಂತೆ 7 ವರ್ಷಕ್ಕೆ ಕಡಿಮೆಯಿಲ್ಲದ ಸಜೆ.

ನಮ್ಮ ಕತ್ತಿಯ ಮಾತೇನು?

ಕೇವಲ ಗೃಹಕೃತ್ಯಕ್ಕೆ ಅಥವಾ ವ್ಯವಸಾಯಕ್ಕೆಂದೇ ಮಾಡಿದ ಉಪಕರಣಗಳನ್ನು 1959ರ ಆಯುಧ ಕಾಯಿದೆ 'ಆಯುಧ' ಎಂದು ಎಣಿಸುವುದಿಲ್ಲ. ಕೊನೆ ಕೊಯ್ಯುವ, ಮರಗಸಿ ಮಾಡುವ ಕತ್ತಿ ಹಿಡಿದು ತೋಟಕ್ಕೆ ಹೋಗುವವರು ಅಂಜಬೇಕಿಲ್ಲ. ಆದರೆ ಅದೇ ಕತ್ತಿಯಿಂದ ಒಬ್ಬನಿಗೆ ಗಾಯ ಮಾಡಿದರೆ 118ನೇ ಕಲಮಿನಂತೆ ಅದು ಅಪಾಯಕಾರಿ ಆಯುಧವಾಗುತ್ತದೆ.

ಒಂದು ಉದಾಹರಣೆ ನೋಡೋಣ. ಪಕ್ಕದವರು ಬೇಲಿ ಒತ್ತಿದ್ದಾರೆಂದು ಸಿಟ್ಟಿಗೆದ್ದ ಬೆಳೆಗಾರರೊಬ್ಬರು ಕತ್ತಿ ಹಿಡಿದು, ಆಳುಗಳನ್ನು ಕರೆದುಕೊಂಡು ಹೋಗಿ, "ಯಾರು ಬರ್ತೀರೋ ಬನ್ನಿ" ಎಂದು ಕೂಗಿ ಬೇಲಿ ಕಡಿಯುತ್ತಾರೆ. ಪಹಣಿ ಅವರ ಹೆಸರಿನಲ್ಲೇ ಇರಬಹುದು. ಆದರೆ ಕಾನೂನು ಇಲ್ಲಿ ಕೇಳುವುದು ಸ್ವಾಧೀನ ಯಾರದೆಂದು. ಸ್ವಾಧೀನ ಪಕ್ಕದವರದಾಗಿದ್ದರೆ, ಜಮೀನಿನ ನ್ಯಾಯ ತಮ್ಮ ಕಡೆಯಿದ್ದರೂ ಇವರೇ ಆರೋಪಿ. ಒಟ್ಟು ಐದು ಅಥವಾ ಹೆಚ್ಚು ಜನ ಬೆದರಿಕೆಯ ಉದ್ದೇಶದಿಂದ ಸೇರಿದ್ದರೆ ಅದು ಅಕ್ರಮ ಕೂಟ. ಅದರಲ್ಲಿ ಮಾರಕ ಆಯುಧ ಹಿಡಿದವರಿಗೆ 189ನೇ ಕಲಮಿನಂತೆ 2 ವರ್ಷದವರೆಗೆ ಸಜೆ. ಯಜಮಾನರ ಮಾತು ಕೇಳಿ ಬಂದ ಕೂಲಿಯಾಳೂ ಕೋರ್ಟು ಅಲೆಯಬೇಕಾಗುತ್ತದೆ.

ಕಳ್ಳನನ್ನು ತಡೆಯುವಾಗ

ಮೈ ಮತ್ತು ಸ್ವತ್ತನ್ನು ರಕ್ಷಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡಬಾರದು. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕು ಇರುವುದಿಲ್ಲ. ಪ್ರಾಣಕ್ಕೋ ತೀವ್ರ ಗಾಯಕ್ಕೋ ಅಪಾಯವಿಲ್ಲದಿರುವಾಗ, ಬಯಲಿನಲ್ಲಿ ಅಡಿಕೆ ಗೊನೆ ಕದ್ದು ಓಡುವವನ ಬೆನ್ನಿಗೆ ಕತ್ತಿ ಬೀಸಿದರೆ ಆತ್ಮರಕ್ಷಣೆ ಎಂಬ ವಾದ ನಿಲ್ಲುವುದು ಕಷ್ಟ.

ಸದಸ್ಯರು ಗಮನದಲ್ಲಿಡಬೇಕಾದ ಅಂಶಗಳು:

1. ಆಯುಧ ಹಿಡಿದವನನ್ನು ಒಬ್ಬರೇ ಎದುರಿಸಬೇಡಿ. ಗಟ್ಟಿಯಾಗಿ ಕೂಗಿ ಅಕ್ಕಪಕ್ಕದವರನ್ನು ಕರೆಯಿರಿ. 112ಕ್ಕೆ ಫೋನು ಮಾಡಿ.

2. ದೂರಿನಲ್ಲಿ "ಕತ್ತಿ ಇತ್ತು" ಎಂದಷ್ಟೇ ಬರೆಸಬೇಡಿ. ಎಂಥ ಕತ್ತಿ, ಕೈಯಲ್ಲಿತ್ತೇ ಸೊಂಟದಲ್ಲಿತ್ತೇ, ಎಷ್ಟು ಹೊತ್ತಿಗೆ, ಏನು ಮಾತಾಡಿದ, ಕಣದಲ್ಲಿದ್ದನೇ ಗೋದಾಮಿನೊಳಗಿದ್ದನೇ ಎಂಬುದನ್ನು ಕಂಡಂತೆ ಹೇಳಿ. ಯಾವ ಕಲಮು ಎಂಬುದು ಈ ವಿವರಗಳಿಂದಲೇ ತೀರ್ಮಾನವಾಗುತ್ತದೆ. ಇಲ್ಲದ್ದನ್ನು ಸೇರಿಸಿದರೆ ಇದ್ದದ್ದೂ ಕೆಡುತ್ತದೆ.

3. ಬಿದ್ದ ಕತ್ತಿಯನ್ನು ಮುಟ್ಟದೆ, ಪೊಲೀಸರು ಮಹಜರು ಮಾಡುವವರೆಗೆ ಹಾಗೆಯೇ ಬಿಡಿ.

4. ಹಿಡಿದವನನ್ನು ಕಟ್ಟಿಹಾಕಿ ಹೊಡೆಯಬೇಡಿ. ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ ಅಪರಾಧ ಮಾಡಿದವನನ್ನು ಸಾರ್ವಜನಿಕರೂ ಹಿಡಿಯಬಹುದು. ಆದರೆ ತಡಮಾಡದೆ, 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಬಯಲಿನ ತೋಟಕ್ಕೆ ಬರೀ ಅತಿಕ್ರಮ ಪ್ರವೇಶ ಮಾಡುವುದು ಜಾಮೀನು ಸಿಗುವ ಅಪರಾಧ; ಅದಕ್ಕೆ ಈ ಅಧಿಕಾರವಿಲ್ಲ.

5. ಸರಹದ್ದಿನ ತಕರಾರಿಗೆ ಹದ್ದುಬಸ್ತಿನ ಅರ್ಜಿ ಕೊಟ್ಟು ಅಳತೆ ಮಾಡಿಸಿ. ಅದರಿಂದಲೂ ಬಗೆಹರಿಯದಿದ್ದರೆ ಸಿವಿಲ್ ಕೋರ್ಟು ಇದೆ.

ಪಕ್ಕದವರ ಬಳಿ ಬೇಲಿಯ ವಿಚಾರ ಮಾತಾಡಲು ಹೋಗುವ ದಿನ ಕತ್ತಿಯನ್ನು ಮನೆಯ ಜಗಲಿಯಲ್ಲೇ ಬಿಟ್ಟು ಹೋಗಿ. ಮಾತು ಬಿಸಿಯಾದರೂ ಅದು ಮಾತಿನಲ್ಲೇ ಮುಗಿಯುತ್ತದೆ.