ಅಂತೆಯ ಚಿರತೆ

ಡೇರಿಯಲ್ಲಿ ಹಾಲು ಅಳೆಯುವ ಹೊತ್ತಿಗೆ ಊರಿನ ಎಲ್ಲ ಮೊಬೈಲಿಗೂ ಆ ವಿಡಿಯೊ ಬಂದಾಗಿದೆ. ಹದಿನೈದು ಸೆಕೆಂಡು ಇರಬಹುದು. ಚಿರತೆಯೊಂದು ಕಾಂಪೌಂಡ್ ಗೋಡೆ ಹತ್ತಿ, ಅತ್ತಿತ್ತ ನೋಡಿ, ಆಚೆಗೆ ಧುಮುಕುತ್ತದೆ. ‘ನಮ್ಮೂರ ಗೇಟ್ ಹತ್ತಿರ, ರಾತ್ರಿ ಹನ್ನೊಂದೂವರೆ’ ಎಂದು ಕೆಳಗೆ ಒಕ್ಕಣೆ. ಹಾಲಿನ ಕ್ಯಾನು ಕೆಳಗಿಟ್ಟು ಕನ್ನಡಕ ಸರಿಮಾಡಿಕೊಂಡ ಯಜಮಾನರೊಬ್ಬರು, ‘ಅಲ್ಲ ಕಣ್ರಲಾ, ನಮ್ಮೂರ ಗೇಟಲ್ಲಿ ಕಾಂಪೌಂಡ್ ಎಲ್ಲೈತೆ?’ ಎನ್ನುತ್ತಾರೆ. ಆ ಪ್ರಶ್ನೆಯನ್ನು ಕಿವಿಗೆ ಹಾಕಿಕೊಳ್ಳುವ ಪುರುಸೊತ್ತು ಯಾರಿಗೂ ಇಲ್ಲ. ‘ಗೋಡೆ ಅತ್ಲಾಗ್ ಬುಡಿ ಗೌಡ್ರೆ, ರಾತ್ರಿ ನನ್ ಬೈಕ್‌ಗೇ ಅಡ್ಡ ಬತ್ತು. ಇಷ್ಟುದ್ದ ಬಾಲ!’ ಎಂದು ಹುಡುಗನೊಬ್ಬ ಎರಡೂ ಕೈ ಚಾಚುತ್ತಾನೆ. ಹತ್ತು ಗಂಟೆಗೆ ಅದೇ ಸುದ್ದಿ ಪಕ್ಕದೂರು ತಲುಪುವಾಗ ಜೊತೆಗೆ ಎರಡು ಮರಿಗಳೂ ಸೇರಿಕೊಂಡಿರುತ್ತವೆ.

ಮಂಡ್ಯ ಸೀಮೆಯ ಕಬ್ಬಿನೂರುಗಳಿಗೆ ಇಂಥ ಬೆಳಗು ಹೊಸದಲ್ಲ. ಈ ಊರಿನ ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ಕಬ್ಬು ಆಳೆತ್ತರ ದಾಟಿದ ಮೇಲೆ ಒಳಗೆ ಏನಿದೆಯೋ ಹೊಲದ ಒಡೆಯನಿಗೂ ತಿಳಿಯದು. ಕಟಾವಿಗೆ ಇಳಿದ ಆಳುಗಳಿಗೆ ಮರಿಗಳು ಸಿಕ್ಕರಂತೂ ಊರಿಗೆ ಊರೇ ಅಲ್ಲಿ. ಅವು ನಿಜಕ್ಕೂ ಚಿರತೆ ಮರಿಗಳಾಗಿರುವುದುಂಟು. ಕಾಡುಬೆಕ್ಕಿನ ಮರಿಗಳು ಚಿರತೆಯೆನಿಸಿಕೊಂಡು ಫೋಟೊಕ್ಕೆ ಕೂರುವುದೂ ಉಂಟು. ಅತ್ತ ತಾಯಿಬೆಕ್ಕು ಗದ್ದೆಯ ಸುತ್ತ ಅಲೆಯುತ್ತಿರುತ್ತದೆ.

ಈ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜೀವ ಹೋಯಿತು. ಸತ್ತವರಲ್ಲಿ ಹನ್ನೊಂದು ವರ್ಷದ ಹುಡುಗನೂ ಇದ್ದ. ಅದಾದ ಮೇಲೆ ಈ ಭಾಗದಲ್ಲಿ ಸಂಜೆ ಆರರ ನಂತರ ಮಕ್ಕಳನ್ನು ಅಂಗಡಿಗೆ ಕಳಿಸದ ತಾಯಂದಿರನ್ನು ಅಂಜುಬುರುಕರು ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಅನುಮಾನವೆಲ್ಲ ಆ ವಿಡಿಯೊದ ಮೇಲೆ, ಬೈಕಿನ ದೀಪದಲ್ಲಿ ಅಳೆದ ಬಾಲದ ಮೇಲೆ. ಕತ್ತಲಲ್ಲಿ ಹೆಡ್‌ಲೈಟ್ ಬಿದ್ದರೆ ನಾಯಿಯ ಕಣ್ಣೂ ಹೊಳೆಯುತ್ತದೆ, ಪುನುಗು ಬೆಕ್ಕಿನ ಕಣ್ಣೂ ಹೊಳೆಯುತ್ತದೆ. ಪಕ್ಕದಲ್ಲಿ ಅಳತೆಗೆ ಒಂದು ಗಿಡ, ಒಂದು ಮೈಲಿಗಲ್ಲು ಇಲ್ಲದಿದ್ದರೆ ಬೆಕ್ಕಿಗೂ ಕಿರುಬಕ್ಕೂ (ಈ ಕಡೆ ಚಿರತೆಗೆ ಹಾಗೆನ್ನುತ್ತಾರೆ) ಎತ್ತರದ ವ್ಯತ್ಯಾಸ ಉಳಿಯುವುದಿಲ್ಲ.

ಹನ್ನೊಂದು ಗಂಟೆಗೆ ಅರಣ್ಯ ಇಲಾಖೆಯ ಜೀಪು ಬರುತ್ತದೆ. ಇಳಿಯುವವರು ಇಬ್ಬರೇ, ಒಬ್ಬ ಗಾರ್ಡು, ಒಬ್ಬ ವಾಚರು. ಹಿಂದೆ ಮುಂದೆ ನೂರು ಜನ. ನಾಲೆ ಏರಿಯ ಮೇಲೆ ‘ಇಗೋ ಸಾ, ಇದೇ ಹೆಜ್ಜೆ’ ಎಂದು ತೋರಿಸಿದ ಜಾಗವನ್ನು ಅಷ್ಟರಲ್ಲಿ ಅರ್ಧ ಊರು ತುಳಿದಿದೆ. ಒಂದು ಗುರುತು ಮಾತ್ರ ಯಾರೋ ಮುಚ್ಚಿಟ್ಟ ಪ್ಲಾಸ್ಟಿಕ್ ಬುಟ್ಟಿಯಡಿ ಉಳಿದಿದೆ. ಗಾರ್ಡು ಕುಕ್ಕರಗಾಲಲ್ಲಿ ಕೂತು, ಬುಟ್ಟಿ ಎತ್ತಿ, ಹೆಜ್ಜೆಯ ಪಕ್ಕ ಬೆಂಕಿಪೊಟ್ಟಣ ಇಡುತ್ತಾರೆ. ತುಸು ಉದ್ದನೆಯ ಗುರುತು. ನಡುವಿನ ಎರಡು ಬೆರಳು ಜೋಡಿಯಾಗಿ ಮುಂದೆ ಚಾಚಿವೆ. ಪ್ರತಿ ಬೆರಳಿನ ತುದಿಯಲ್ಲೂ ಕೆಸರಿಗೆ ಕಡ್ಡಿ ಚುಚ್ಚಿದ ಹಾಗೆ ಸಣ್ಣ ತೂತು. ‘ಉಗುರು ಮೂಡೈತಲ್ಲ ಯಜಮಾನ್ರೇ. ಚಿರತೆ ನಡೆಯುವಾಗ ಉಗುರು ಒಳಗೆ ಎಳ್ಕೊಂಡಿರ್ತದೆ. ಅದರ ಹೆಜ್ಜೆ ದುಂಡಗೆ, ಈ ಪೊಟ್ಟಣದ ಉದ್ದಕ್ಕಿಂತ ಅಗಲ ಬರ್ಬೇಕು. ಹಿಂದಿನ ಮೆತ್ತೆಯ ಕೆಳಗಡೆ ಮೂರು ಉಬ್ಬು ಕಾಣ್ಬೇಕು. ಇದು ನಾಯಿ.’

ನಾಯಿ ಎಂದದ್ದು ಜನಕ್ಕೆ ಬೈಗುಳದಂತೆ ಕೇಳಿಸುತ್ತದೆ. ‘ಹಂಗಾರೆ ನಾವೆಲ್ಲ ಸುಳ್ಳೇಳ್ತಿದ್ದೀವಾ?’

ಹಟಕ್ಕೆ ಇನ್ನೊಂದು ಕಾರಣವನ್ನು ಗುಂಪಿನ ಅಂಚಿನಲ್ಲಿ ನಿಂತ ಹೆಂಗಸಿನ ಮುಖದಲ್ಲಿ ನೋಡಬಹುದು. ಮೊನ್ನೆ ಅವಳ ಕುರಿ ಸತ್ತಿದೆ. ಚಿರತೆ ಹಿಡಿದಿದ್ದರೆ ಪಂಚನಾಮೆ, ಪಶುವೈದ್ಯರ ವರದಿ, ಆಮೇಲೆ ಇಲಾಖೆಯಿಂದ ಪರಿಹಾರ. ಬೀದಿನಾಯಿ ಕಡಿದಿದ್ದರೆ ಆ ಇಲಾಖೆಯಿಂದ ಬಿಡಿಗಾಸೂ ಇಲ್ಲ. ಚಿರತೆ ಸಾಮಾನ್ಯವಾಗಿ ಗಂಟಲಿಗೆ ಬಾಯಿ ಹಾಕುತ್ತದೆ, ಕೋರೆಹಲ್ಲಿನ ಗುರುತು ಅಲ್ಲಿ ಉಳಿಯುತ್ತದೆ. ನಾಯಿಗಳ ಹಿಂಡು ತೊಡೆ, ಹೊಟ್ಟೆ ಎನ್ನದೆ ಸಿಕ್ಕಲ್ಲಿ ಹರಿಯುತ್ತದೆ. ಈ ಕುರಿಯ ಗಂಟಲು ಸ್ವಚ್ಛವಾಗಿದೆ. ‘ಅಣ್ಣಾ, ಕಿರುಬ ಅಂತ್ಲೇ ಬರಕೊಳ್ಳಣ್ಣ’ ಎಂದು ಅವಳು ಮೆಲ್ಲಗೆ ಕೇಳುವಾಗ ಗಾರ್ಡಿನ ಪೆನ್ನು ಕಾಗದದ ಮೇಲೆ ಸುಮ್ಮನೆ ನಿಂತಿರುತ್ತದೆ.

ಕಣ್ಣು ಮೋಸಹೋಗುವುದರಲ್ಲಿ ದೇಶಭೇದವಿಲ್ಲ. 2011ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಬಳಿ ಹೊಲದಲ್ಲಿ ಬಿಳಿ ಹುಲಿ ಕೂತಿದೆಯೆಂದು ದೂರು ಬಂದು ಪೊಲೀಸರು ಹೆಲಿಕಾಪ್ಟರನ್ನೇ ತಂದರು. ಶಾಖ ಗುರುತಿಸುವ ಕ್ಯಾಮೆರಾದಲ್ಲಿ ಹುಲಿಯ ಮೈ ತಣ್ಣಗಿತ್ತು. ಹೆಲಿಕಾಪ್ಟರ್ ಕೆಳಗಿಳಿದದ್ದೇ ರೆಕ್ಕೆಯ ಗಾಳಿಗೆ ಹುಲಿ ಉರುಳಿಬಿತ್ತು. ಆಟದ ಗೊಂಬೆ! ನಮ್ಮ ತೀರ್ಥಹಳ್ಳಿ ಕಡೆ 2019ರಲ್ಲಿ ರೈತರೊಬ್ಬರು ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸಲು ಸಾಕುನಾಯಿಯ ಮೈಗೆ ತಲೆಗೂದಲಿನ ಬಣ್ಣದಲ್ಲಿ ಹುಲಿಪಟ್ಟೆ ಬಳಿದಿದ್ದರು. ಮಂಗಗಳು ಹೆದರಿದವೆಂದು ಸುದ್ದಿ. ರಾತ್ರಿ ಬೈಕಿನಲ್ಲಿ ಹೋಗುವವರು ಅದನ್ನು ಏನೆಂದುಕೊಂಡರೋ.

ಗುಂಪು ಕರಗಿದ ಮೇಲೆ ಗಾರ್ಡು ಮತ್ತು ವಾಚರು ನಾಲೆಗುಂಟ ಇನ್ನೂ ಅರ್ಧ ಫರ್ಲಾಂಗು ನಡೆಯುತ್ತಾರೆ. ಮೋರಿಯ ಕೆಳಗಿನ ಮರಳಲ್ಲಿ, ಯಾರೂ ಬೆರಳು ತೋರಿಸದ ಜಾಗದಲ್ಲಿ, ದುಂಡನೆಯ ಹೆಜ್ಜೆಗಳ ಒಂದು ಸಾಲು. ಉಗುರಿಲ್ಲ. ಪೊಟ್ಟಣಕ್ಕಿಂತ ಅಗಲ. ಅಂಚು ಒಣಗಿ ಉದುರಿದೆ, ಅಂದರೆ ಹಳೆಯದು. ಕಿರುಬ ಇತ್ತ ಬಂದು ಹೋಗಿ ದಿನಗಳೇ ಆಗಿವೆ. ಆಗ ಊರು ನೆಮ್ಮದಿಯಾಗಿ ಮಲಗಿತ್ತು, ನೋಡಿದೆನೆಂದವರು ಒಬ್ಬರೂ ಇರಲಿಲ್ಲ.

ನೋಡಿದೆನೆಂಬ ಕಡೆ ಇಲ್ಲದ ಚಿರತೆ, ನೋಡದ ಕಡೆ ಸದ್ದಿಲ್ಲದೆ ಇರುತ್ತದೆ. ದೇಶದ ಚಿರತೆಗಳ 2022ರ ಅಂದಾಜಿನಲ್ಲಿ ಕರ್ನಾಟಕಕ್ಕೆ ಸಿಕ್ಕ ಲೆಕ್ಕ 1,879. ಆದರೆ ಆ ಎಣಿಕೆ ಮುಖ್ಯವಾಗಿ ಕಾಡಿನದು, ಕಬ್ಬಿನ ಗದ್ದೆಯದಲ್ಲ. ಮಹಾರಾಷ್ಟ್ರದ ಅಕೋಲೆಯ ಹೊಲಗಳಲ್ಲಿ ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಕ್ಯಾಮೆರಾ ಕಟ್ಟಿ ನೋಡಿದಾಗ ನೂರು ಚದರ ಕಿಲೋಮೀಟರಿಗೆ ಸುಮಾರು ಐದು ಬೆಳೆದ ಚಿರತೆಗಳು ಕಬ್ಬಿನ ನಡುವೆಯೇ ಬದುಕುತ್ತಿದ್ದವು. ಅದೇ ರಾಜ್ಯದ ಜುನ್ನರ್‌ನಲ್ಲಿ ಇಂಥ ಚಿರತೆಗಳನ್ನು ಹಿಡಿಹಿಡಿದು ಬೇರೆಡೆ ಬಿಟ್ಟಾಗ, ಬಿಟ್ಟ ಜಾಗಗಳ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚಿತ್ತು. ಕಂಡ ಮಾತ್ರಕ್ಕೆ ಹಿಡಿಯಬೇಡಿ ಎಂಬುದು 2011ರ ಕೇಂದ್ರ ಮಾರ್ಗಸೂಚಿಯ ಸಾರ. ಹಿಡಿಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯೂ ಬೇಕು.

ಗಾರ್ಡು ಮರಳಿನ ಹೆಜ್ಜೆಗಳ ಫೋಟೊ ತೆಗೆದು ಮೇಲಿನವರಿಗೆ ಕಳಿಸುತ್ತಾರೆ. ಊರಿನವರಿಗೆ ‘ಸಂಜೆ ಮೇಲೆ ಒಬ್ಬೊಬ್ಬರೇ ಗದ್ದೆ ಕಡೆ ಹೋಗ್ಬೇಡಿ, ಕುರಿಗಳನ್ನ ಬಾಗಿಲಿರೋ ಕೊಟ್ಟಿಗೇಲಿ ಕಟ್ಟಿ’ ಎಂದಷ್ಟೇ ಹೇಳುತ್ತಾರೆ. ಹಾಗೆ ಬಾಯಿ ಕಟ್ಟಿಕೊಂಡದ್ದು ಸರಿಯೇ ಎಂದು ನಾನು ವಾದಿಸಲಾರೆ. ಆ ನೂರು ಜನರ ಕೈಯಲ್ಲಿ ದೊಣ್ಣೆ ಇದ್ದದ್ದನ್ನು ಅವರೂ ನೋಡಿದ್ದರು.

ಆದರೆ ವಿಡಿಯೊದ ಚಿರತೆ ತಾಲ್ಲೂಕು ಕೇಂದ್ರದವರೆಗೆ ಓಡಿಯಾಗಿದೆ, ಫೋನುಗಳು ಬಡಿದುಕೊಳ್ಳುತ್ತಿವೆ. ಅನುಮತಿ ಸಿಕ್ಕಿ, ಎರಡು ದಿನಕ್ಕೆ ಟ್ರ್ಯಾಕ್ಟರಿನಲ್ಲಿ ಬೋನು ಬರುತ್ತದೆ. ಮೋರಿಯ ಹತ್ತಿರಕ್ಕಲ್ಲ, ಬೈಕಿನ ಹುಡುಗ ತೋರಿಸಿದ ತಿರುವಿಗೆ. ಕಬ್ಬಿನ ಸೋಗೆ ಹೊದಿಸಿ, ಹಿಂದಿನ ಪಾಲಿನಲ್ಲಿ ಬೀದಿನಾಯಿಯೊಂದನ್ನು ಕೂರಿಸುತ್ತಾರೆ. ಮೊದಲ ಸಂಜೆ ಸೆಲ್ಫಿಗೆ ಸಾಲು. ಮೂರನೆಯ ದಿನ ಅತ್ತ ಸುಳಿಯುವವರಿಲ್ಲ. ನಾಯಿ ಮಾತ್ರ ರಾತ್ರಿಯಿಡೀ ಊಳಿಟ್ಟು ಪಕ್ಕದ ತೋಟದ ಮನೆಯವರ ನಿದ್ದೆ ಕೆಡಿಸಿದೆ. ‘ಬೋನು ತರಿಸ್ದೋನು ನಾಯಿಗೆ ಅನ್ನ ತಂದಾಕ್ಲಿ, ನಮ್ಮನೇಲಿ ಅಷ್ಟು ಮುದ್ದೆ ಮಿಗಲ್ಲ’ ಎಂದು ಆ ಮನೆಯಾಕೆ ಡೇರಿಯ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿ, ಹಾಲು ಅಳೆಸಿಕೊಂಡು ಹೋಗುತ್ತಾಳೆ. ಬೈಕಿನ ಹುಡುಗ ಆವತ್ತಿನಿಂದ ಹಾಲು ಕೊಡಲು ತಮ್ಮನನ್ನು ಕಳಿಸುತ್ತಿದ್ದಾನೆ.