ನಿಮಗಿದು ಗೊತ್ತೇ? ಸೈಕಲ್ ಲೆಕ್ಕದಲ್ಲಿ 29ಕ್ಕಿಂತ 28 ದೊಡ್ಡದು!

ಆಫೀಸಿಗೆ, ಮಾರ್ಕೆಟ್ಟಿಗೆ, ಸಂಜೆ ಸುಮ್ಮನೆ ಒಂದು ಸುತ್ತಿಗೆ ಅಂತ ಕಡಿಮೆ ಬೆಲೆಯ ಸೈಕಲ್ ಹುಡುಕುತ್ತಿದ್ದೀರಾ? ಅಂಗಡಿ ಮೆಟ್ಟಿಲು ಹತ್ತುವ ಮುಂಚೆ ಇದಿಷ್ಟು ಕೇಳಿ.

ಅಜ್ಜನ ಕಾಲದ ಕಪ್ಪು ಸೈಕಲ್ಲಿನ ಚಕ್ರ 28 ಇಂಚು. ಈಗಿನ ಎಷ್ಟೋ ದಪ್ಪ ಟೈರಿನ ಎಂಟಿಬಿಗಳದ್ದು (ಮೌಂಟನ್ ಬೈಕ್) 29. ಯಾವುದರ ರಿಮ್ ದೊಡ್ಡದು? 29 ಅಂದಿರಾ? ಅಲ್ಲ! ಟೈರ್ ಕೂರುವ ಜಾಗದ ಅಡ್ಡಳತೆ ಕಪ್ಪು ಸೈಕಲ್ಲಿನಲ್ಲಿ 635 ಮಿ.ಮೀ., ಆ ಎಂಟಿಬಿಯಲ್ಲಿ ಬರೀ 622. '700 ಸಿ' ಅಂತ ಬರೆದಿರುವ ಸಪೂರ ಚಕ್ರದ ರಿಮ್ಮೂ ಅದೇ 622. ಒಂದೇ ಅಳತೆಗೆ ಎರಡು ಹೆಸರು!

ಇದಕ್ಕಿಂತ ಮಜಾ ಇದೆ. 1.75 ಮತ್ತು 1¾ ಒಂದೇ ತಾನೇ? ಶಾಲೆಯಲ್ಲಿ ಹೌದು, ಸೈಕಲ್ ಶಾಪಿನಲ್ಲಿ ಅಲ್ಲ! 26 × 1.75 ಟೈರು 559 ಮಿ.ಮೀ. ರಿಮ್ಮಿಗೆ, 26 × 1¾ ಟೈರು 571ಕ್ಕೆ. ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ. ಇನ್ನು 26 × 1⅜ ಅಂತ ಇದ್ದರೆ ಅದು 590. ಮೂರೂ '26 ಇಂಚು'! ಪರಿಹಾರ ಸುಲಭ. ಟೈರಿನ ಪಕ್ಕದಲ್ಲಿ 47-559 ಅನ್ನೋ ಥರ ಒಂದು ಸಂಖ್ಯೆ ಇರುತ್ತದೆ. ಕೊನೆಯ ಮೂರು ಅಂಕಿ ನೋಡಿ, ಬರೆದಿಟ್ಟುಕೊಳ್ಳಿ. ಮುಂದೆ ಟೈರ್ ಬದಲಿಸುವಾಗ ಅಂಗಡಿಯವನೇ ಬೆರಗಾಗಬೇಕು.

ಐದಾರು ಸಾವಿರದ ಸೈಕಲ್ಲು, ಐದಾರು ಲಕ್ಷದ ಸೈಕಲ್ಲು. ಎರಡರ ಚೈನಿನಲ್ಲೂ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಇರುವ ದೂರ ಎಷ್ಟು ಗೊತ್ತೇ? ಒಂದೇ, ಸರಿಯಾಗಿ ಅರ್ಧ ಇಂಚು!

ಎಡ ಪೆಡಲ್ಲಿನ ಮರೆ (ಥ್ರೆಡ್) ಉಲ್ಟಾ! ಸಾಮಾನ್ಯ ಸ್ಕ್ರೂ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಇದು ಎಡಕ್ಕೆ. ತುಳಿದು ತುಳಿದು ತಾನೇ ಬಿಚ್ಚಿಕೊಳ್ಳಬಾರದು ಅಂತ ಈ ಉಪಾಯ. 1900ರಲ್ಲಿ ಇಂಥ ಪೆಡಲ್ ನಮ್ಮಲ್ಲಿದೆ ಅಂತ ಹೇಳಿಕೊಂಡ ಅಂಗಡಿಯೊಂದು ಯಾರದು ಗೊತ್ತೇ? ಮೂರು ವರ್ಷದ ನಂತರ ವಿಮಾನ ಹಾರಿಸಿದ ರೈಟ್ ಸೋದರರದು! ಸೈಕಲ್ಲನ್ನು ಆನ್‌ಲೈನ್‌ನಲ್ಲಿ ತರಿಸಿದರೆ ಪೆಡಲ್ ಡಬ್ಬದಲ್ಲಿ ಬೇರೆಯಾಗಿ ಬರುತ್ತದೆ. ಎಡಗಡೆಯದನ್ನು ಬಲವಂತದಿಂದ ಬಲಕ್ಕೆ ತಿರುಗಿಸಿದಿರೋ, ಮರೆ ಹೋಯಿತು.

ಕಪ್ಪು ಸೈಕಲ್ಲಿನ ಕಡ್ಡಿ ಎಣಿಸಿದ್ದೀರಾ? ಮುಂದೆ 32, ಹಿಂದೆ 40. ಹೆಚ್ಚಿನ ಹೊರೆ ಹಿಂದಿನ ಚಕ್ರದ್ದೇ ಅಲ್ಲವೇ!

'21 ಗೇರ್' ಅಂತ ಅಂಟಿಸಿದ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಮುಂದೆ 3 ಹಲ್ಲುಚಕ್ರ, ಹಿಂದೆ 7. ಗುಣಿಸಿದರೆ 21, ಅಷ್ಟೇ! ಎಷ್ಟೋ ಗೇರುಗಳು ಹೆಚ್ಚೂಕಡಿಮೆ ಒಂದೇ. ಇನ್ನು ಕೆಲವು ಚೈನನ್ನು ಸೊಟ್ಟ ಎಳೆಯುತ್ತವೆ, ಬಳಸಲೇಬಾರದು. ಮಂಗಳೂರಿನ ಏರಿಗೆ ಗೇರ್ ಬೇಕು, ಸರಿ. ದಾವಣಗೆರೆಯ ಸಪಾಟು ರಸ್ತೆಗೆ ಯಾಕೆ ಸ್ವಾಮಿ?

ಕಡಿಮೆ ಬೆಲೆಯ ಶಾಕ್ ಅಬ್ಸಾರ್ಬರ್ ಕುಣಿಯುವುದು ನಿಮ್ಮ ಖರ್ಚಿನಲ್ಲಿ! ಎದ್ದು ನಿಂತು ಪೆಡಲ್ ತುಳಿದಾಗ ಬಲದ ಒಂದು ಪಾಲು ಅದನ್ನು ಕುಣಿಸಲಿಕ್ಕೇ ಹೋಗುತ್ತದೆ. ತೂಕ ಬೇರೆ. ನಗರದ ಓಡಾಟಕ್ಕೆ ಅದರ ಬದಲು ಮಡ್‌ಗಾರ್ಡು, ಕ್ಯಾರಿಯರ್ ಕೇಳಿ ಪಡೆಯಿರಿ.

ಪೆಟ್ರೋಲ್ ಬಂಕಿನಲ್ಲಿ ಸೈಕಲ್ಲಿಗೂ ಗಾಳಿ ತುಂಬಿಸಬಹುದು! ಟ್ಯೂಬಿನ ಮೂತಿ ಬೈಕಿನದರ ಥರ ಇದ್ದರೆ ಸಾಕು. ಸೈಕಲ್ಲಿಗೆ ಎಷ್ಟು ಗಾಳಿ ಅನ್ನುವುದೂ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ.

ಲೇಡೀಸ್ ಸೈಕಲ್ಲೇ ಬೇಕೇ? ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯ ಕಥೆ ಕೇಳಿ. 1990ರ ದಶಕದ ಶುರುವಿನಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಲೇಡೀಸ್ ಸೈಕಲ್ಲಿಗೆ ಬರ ಬಂತು. ಸರಿ, ಜೆಂಟ್ಸ್ ಸೈಕಲ್ಲೇ ಹತ್ತಿದರು! ಕೆಲವರಿಗಂತೂ ಅದೇ ಹಿಡಿಸಿತು. ಯಾಕೆ ಹೇಳಿ? ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಲ್ಲ!

ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಸೈಕಲ್ಲಿಗೂ ಲೈಸೆನ್ಸ್ ಇತ್ತು. ಪುರಸಭೆಗೆ ದುಡ್ಡು ಕಟ್ಟಿ ಬಿಲ್ಲೆ ತಗಲಿಸಿಕೊಳ್ಳಬೇಕಿತ್ತು. ಈಗ ಮೋಟರ್ ಇರುವ ಸೈಕಲ್ಲಿಗೂ ಲೈಸೆನ್ಸ್ ಬೇಡ! ಮೋಟರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಹೀಗೆ ನಿಯಮದ ಮಿತಿಯೊಳಗೆ ಇರಬೇಕು, ಅಷ್ಟೇ.

ಇದು ವಿಚಿತ್ರವೂ ಹೌದು, ಬೇಜಾರಿನದೂ ಹೌದು. ಜೂನ್ 3 ವಿಶ್ವ ಸೈಕಲ್ ದಿನ. 2020ರ ಅದೇ ದಿನ ದೇಶದ ಹಳೆಯ ಕಂಪನಿ ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿತು!

ಕೊಳ್ಳದೆಯೂ ಸೈಕಲ್ ತುಳಿದವರಿದ್ದಾರೆ! 2017ರಲ್ಲಿ ಮೈಸೂರು 'ಟ್ರಿಣ್ ಟ್ರಿಣ್' ಅಂತ 450 ಬಾಡಿಗೆ ಸೈಕಲ್‌ಗಳನ್ನು ರಸ್ತೆಗಿಳಿಸಿತು. ಒಂದು ನಿಲ್ದಾಣದಲ್ಲಿ ಹತ್ತಿ ಇನ್ನೊಂದರಲ್ಲಿ ಬಿಟ್ಟು ಹೋಗುವ ವ್ಯವಸ್ಥೆ!

ಖುಷಿಯ ಸುದ್ದಿ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ಹತ್ತು ಸಾವಿರದ ಸೈಕಲ್ಲಿಗೆ 700 ರೂಪಾಯಿ ಉಳಿತಾಯ. ಒಂದು ಬೀಗದ ದುಡ್ಡು ಬಂತಲ್ಲ!

ಬೀಗ ಅಂದಾಗ ನೆನಪಾಯಿತು. ನಿಮ್ಮ ಸೈಕಲ್ಲಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ! ಸಾಮಾನ್ಯವಾಗಿ ಪೆಡಲ್ ತಿರುಗುವ ಜಾಗದ ಅಡಿಯಲ್ಲಿ ಒತ್ತಿರುತ್ತಾರೆ. ಹೊಸದಾದರೆ ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಸೈಕಲ್ ತಲೆಕೆಳಗು ಮಾಡಿ ನೋಡಿ. ಆ ಸಂಖ್ಯೆಯನ್ನು ಯಾರೋ ಉಜ್ಜಿ ಅಳಿಸಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಕೊಳ್ಳಬೇಡಿ!