ಶ್ವೇತಕುಬ್ಜಗಳಲ್ಲಿ ಪ್ರಾಚೀನ ಗ್ರಹವ್ಯವಸ್ಥೆಗಳ ಅವಶೇಷ: ನೇರಳಾತೀತ ವೀಕ್ಷಣೆಯ ಸಾಕ್ಷ್ಯ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಸುಮಾರು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮಾಘಮಾಸದ ರಾತ್ರಿಗಳಲ್ಲಿ ಇಲ್ಲಿಂದ ನೋಡುವವರಿಗೆ ಲುಬ್ಧಕ ನಕ್ಷತ್ರವು ದಕ್ಷಿಣ ದಿಗಂತದಿಂದ ಸುಮಾರು 57 ಡಿಗ್ರಿ ಎತ್ತರಕ್ಕೆ ಏರುತ್ತದೆ. ಬರಿಗಣ್ಣಿಗೆ ಕಾಣದ ಅದರ ಸಂಗಾತಿಯೊಂದು ಶ್ವೇತಕುಬ್ಜ; ಸೂರ್ಯನಷ್ಟು ದ್ರವ್ಯರಾಶಿಯು ಭೂಮಿಯಷ್ಟು ಗಾತ್ರದಲ್ಲಿ ಅಡಗಿರುವ ಮೃತ ನಕ್ಷತ್ರ. ನಮ್ಮ ಸೂರ್ಯನೂ ಸುಮಾರು ಐದು ಶತಕೋಟಿ ವರ್ಷಗಳ ತರುವಾಯ ಕೆಂಪು ದೈತ್ಯನಾಗಿ ಉಬ್ಬಿ, ಹೊರಪದರಗಳನ್ನು ಕಳೆದುಕೊಂಡು ಶ್ವೇತಕುಬ್ಜವಾಗುವನು.

ಅಂತಹ ನಕ್ಷತ್ರದ ಹತ್ತಿರದ ಗ್ರಹಗಳು ನಾಶವಾದರೂ ದೂರದವು ಉಳಿಯಬಹುದು. ಅವುಗಳ ಗುರುತ್ವದಿಂದ ಪಥ ತಪ್ಪಿದ ಕ್ಷುದ್ರಗ್ರಹವು ಶ್ವೇತಕುಬ್ಜದ ಸಮೀಪಕ್ಕೆ ಬಂದು ಛಿದ್ರಗೊಂಡು, ಧೂಳಿನ ತಟ್ಟೆಯಾಗಿ, ಕೊನೆಗೆ ನಕ್ಷತ್ರದ ಮೇಲೆ ಬೀಳುತ್ತದೆ. ಶ್ವೇತಕುಬ್ಜದ ಪ್ರಬಲ ಗುರುತ್ವದಿಂದಾಗಿ ಭಾರಧಾತುಗಳು ಒಳಕ್ಕೆ ಮುಳುಗುತ್ತವೆ; ಬಿಸಿಯಾದ ಜಲಜನಕ ವಾತಾವರಣದಲ್ಲಿ ಇದಕ್ಕೆ ಕೆಲವು ದಿನಗಳೇ ಸಾಕಾಗಬಹುದು. ಆದುದರಿಂದ ಅಲ್ಲಿ ಸಿಲಿಕಾನ್ ಅಥವಾ ಕಬ್ಬಿಣ ಕಂಡರೆ ಅದು ಸಾಮಾನ್ಯವಾಗಿ ಹೊರಗಿನಿಂದ ಬಂದುದೆಂದೇ ಅರ್ಥ. 1917ರಲ್ಲಿ ಫಾನ್ ಮಾನೆನ್ ಗುರುತಿಸಿದ ನಕ್ಷತ್ರದ ರೋಹಿತದಲ್ಲಿ ಕ್ಯಾಲ್ಸಿಯಂ ರೇಖೆಗಳು ಆಗಲೇ ಮೂಡಿದ್ದವು. ಸಾಕ್ಷ್ಯವು ಗ್ರಹಗಳ ಅವಶೇಷವೆಂದು ತಿಳಿಯಲು ದಶಕಗಳೇ ಬೇಕಾದವು.

ಇಂಗಾಲ, ಸಾರಜನಕ, ಆಮ್ಲಜನಕಗಳ ಪ್ರಮುಖ ರೇಖೆಗಳು ದೂರ ನೇರಳಾತೀತದಲ್ಲಿವೆ. ಆ ಕಿರಣಗಳನ್ನು ನಮ್ಮ ವಾತಾವರಣ ಹೀರಿಕೊಳ್ಳುವುದರಿಂದ ಅಥಣಿಯ ಆಕಾಶ ಎಷ್ಟೇ ನಿರ್ಮಲವಾಗಿದ್ದರೂ ಪ್ರಯೋಜನವಿಲ್ಲ. ದೂರದರ್ಶಕವು ಬಾಹ್ಯಾಕಾಶದಲ್ಲೇ ಇರಬೇಕು. 2009ರಲ್ಲಿ ಹಬಲ್‌ಗೆ ಜೋಡಿಸಿದ ನೇರಳಾತೀತ ರೋಹಿತಮಾಪಕವು ಈ ಅಧ್ಯಯನದ ಮುಖ್ಯ ಸಾಧನ. 2012ರಲ್ಲಿ ಗೆನ್ಸಿಕೆ ಮತ್ತು ಸಂಗಡಿಗರು ನಾಲ್ಕು ಶ್ವೇತಕುಬ್ಜಗಳಲ್ಲಿ ಆಮ್ಲಜನಕ, ಮೆಗ್ನೀಸಿಯಂ, ಸಿಲಿಕಾನ್, ಕಬ್ಬಿಣಗಳನ್ನು ಕಂಡರು. ಇಂಗಾಲ ಮಾತ್ರ ಅತ್ಯಲ್ಪ. ಭೂಮಿಯ ಸಂಯೋಜನೆಯೂ ಹೀಗೆಯೇ.

ನೀರಿನ ಲೆಕ್ಕಾಚಾರ ಇನ್ನೂ ಸ್ವಾರಸ್ಯಕರ. ಶಿಲೆಯಲ್ಲಿ ಸಿಲಿಕಾನ್, ಮೆಗ್ನೀಸಿಯಂ, ಕಬ್ಬಿಣ ಮೊದಲಾದವು ಆಕ್ಸೈಡ್‌ಗಳಾಗಿರುತ್ತವೆ. ಅವುಗಳಿಗೆ ತಗಲುವ ಆಮ್ಲಜನಕವನ್ನು ಒಟ್ಟು ಪ್ರಮಾಣದಿಂದ ಕಳೆದ ಮೇಲೂ ಗಣನೀಯ ಶೇಷ ಉಳಿದು, ಇಂಗಾಲವು ಅದಕ್ಕೆ ಸಾಲದಿದ್ದರೆ, ಆ ಶೇಷವು ನೀರಿನ ರೂಪದಲ್ಲಿದ್ದಿರಬೇಕು. 2013ರಲ್ಲಿ ಜಿ.ಡಿ. 61ರ ಮೇಲೆ ಬಿದ್ದ ಕಾಯದಲ್ಲಿ ತೂಕದ ಸುಮಾರು ಶೇಕಡ 26ರಷ್ಟು ನೀರಿತ್ತೆಂದು ಅಂದಾಜಿಸಿದ್ದು ಈ ಕ್ರಮದಲ್ಲೇ. 2025ರಲ್ಲಿ ಡಬ್ಲ್ಯು.ಡಿ. 1647+375ರ ಮೇಲೆ ಬಿದ್ದ ಹಿಮಕಾಯದಲ್ಲಿ ಈ ಪ್ರಮಾಣ ಶೇಕಡ 64 ಎಂದು ಪ್ರಕಟವಾಯಿತು. ಆ ಸಂಶೋಧನೆಯ ಪ್ರಥಮ ಲೇಖಕಿ ಸ್ನೇಹಲತಾ ಸಾಹು ಇದಕ್ಕೆ ಮುನ್ನ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದವರು.

ಅದೇ ಸಂಸ್ಥೆಯ ನೇತೃತ್ವದಲ್ಲಿ ನಿರ್ಮಾಣಗೊಂಡ ನೇರಳಾತೀತ ದೂರದರ್ಶಕವು 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಮೇಲೇರಿತು. ಅದರ ಎರಡು ದೂರದರ್ಶಕಗಳ ವ್ಯಾಸ ತಲಾ 38 ಸೆಂಟಿಮೀಟರ್. ಸಮೀಪ ನೇರಳಾತೀತ ವಾಹಿನಿಯು 2018ರಲ್ಲಿ ಸ್ತಬ್ಧವಾಯಿತು. ಇದು ಮುಖ್ಯವಾಗಿ ಬಿಂಬಗ್ರಾಹಕ. ಬಿಸಿಯಾದ ಶ್ವೇತಕುಬ್ಜಗಳನ್ನು ಗುರುತಿಸಲು ಸಮರ್ಥವಾದರೂ, ಧಾತುಗಳ ಸೂಕ್ಷ್ಮ ರೇಖೆಗಳನ್ನು ಅಳೆಯಲು ಅದರ ರೋಹಿತ ಸಾಮರ್ಥ್ಯ ಸಾಲದು. ಈ ಕೊರತೆಯನ್ನು ಒಪ್ಪಿಕೊಳ್ಳುವುದೇ ಲೇಸು. ಬಿಂಬ ಮತ್ತು ರೋಹಿತ ಎರಡನ್ನೂ ಪಡೆಯಬಲ್ಲ ಸುಮಾರು ಒಂದು ಮೀಟರ್ ವ್ಯಾಸದ ‘ಇನ್‌ಸಿಸ್ಟ್’ ದೂರದರ್ಶಕವನ್ನು ಸಂಸ್ಥೆಯು ಪ್ರಸ್ತಾಪಿಸಿರುವುದು ಇದೇ ಹಿನ್ನೆಲೆಯಲ್ಲಿ. ಆಸ್ಟ್ರೋಸ್ಯಾಟ್‌ನ ದತ್ತಾಂಶ ಭಂಡಾರವಂತೂ ಸಾರ್ವಜನಿಕವಾಗಿ ಲಭ್ಯವಿದೆ; ಚಿಕ್ಕೋಡಿಯ ಅಥವಾ ರಾಯಬಾಗದ ಭೌತಶಾಸ್ತ್ರ ವಿದ್ಯಾರ್ಥಿಯು ಊರಿನಲ್ಲಿದ್ದುಕೊಂಡೇ ಅದನ್ನು ಪರಿಶೀಲಿಸಬಹುದು.